ಡಬ್ಬಿಯೊಳಗಿನ ಮಳೆ ಲೆಕ್ಕ

ಕೊಡಗಿನ ಇರ್ಪು ಜಲಪಾತದ ಬಗ್ಗೆ ಎಲ್ಲರೂ ಬರೆದಿದ್ದಾರೆ. ನೀರು ಚೆನ್ನಾಗಿತ್ತು, ಸೆಲ್ಫಿಯವರು ಜಾಸ್ತಿ ಇದ್ದರು, ಅಷ್ಟೆ. ನಾನು ಹೇಳಹೊರಟಿರುವುದು ಅಲ್ಲಿಂದ ಕೆಳಗೆ, ಲಕ್ಷ್ಮಣತೀರ್ಥ ಹೊಳೆಯ ದಂಡೆಯಲ್ಲಿರುವ ಗೆಳೆಯನ ಕಾಫಿ ತೋಟದ ಕಥೆ.

ಅವನಿಗೆ ಜಿಯೋಕ್ಯಾಚಿಂಗ್ ಹುಚ್ಚು. ಒಬ್ಬರು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶ ಕೊಡುತ್ತಾರೆ. ಇನ್ನೊಬ್ಬರು ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಅಲ್ಲೇ ಇಟ್ಟು ಬರುತ್ತಾರೆ. ಜನಸಾಮಾನ್ಯರ ಜಿಪಿಎಸ್ ಸಿಗ್ನಲ್‌ಗೆ ಬೇಕಂತಲೇ ಸೇರಿಸುತ್ತಿದ್ದ ತಪ್ಪನ್ನು ಅಮೆರಿಕ 2000ದ ಮೇ 2ರಂದು ನಿಲ್ಲಿಸಿತು. ಮರುದಿನವೇ ಆರೆಗನ್‌ನಲ್ಲಿ ಡೇವ್ ಉಲ್ಮರ್ ಎಂಬಾತ ಒಂದು ಬಕೆಟ್ ಬಚ್ಚಿಟ್ಟ. ಆಟ ಶುರುವಾಗಿದ್ದು ಹಾಗೆ. ನಾಗರಹೊಳೆ, ಬ್ರಹ್ಮಗಿರಿ ಕಾಡಲ್ಲಿ ಅನುಮತಿಯಿಲ್ಲದೆ ಸುಮ್ನೆ ನಡೆಯುವುದಕ್ಕೇ ಬಿಡುವುದಿಲ್ಲ, ಇನ್ನು ಡಬ್ಬಿ ಇಡುವ ಮಾತೆಲ್ಲಿ? ಅದಕ್ಕೇ ಸ್ವಂತ ತೋಟದಲ್ಲೇ ಇಟ್ಟಿದ್ದ.

ಹೋಂಸ್ಟೇಯವರು ತೋಟ "ಇಲ್ಲೇ ಪಕ್ಕದಲ್ಲಿ" ಎಂದಿದ್ದರು. ಆ ಪಕ್ಕಕ್ಕೆ ಹೋಗಿಬರಲು ಆಟೊದವರಿಗೆ ಕೊಟ್ಟ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ರೂಮ್ ಬುಕ್ ಮಾಡುವ ಮುಂಚೆ ಕಿಲೋಮೀಟರ್ ಲೆಕ್ಕದಲ್ಲೇ ಕೇಳಿ.

ಸಿಲ್ವರ್ ಓಕ್ ಮರಗಳ ಕೆಳಗೆ ಫೋನಿನ ಬಾಣ ಒಮ್ಮೆ ಹೊಳೆಗೆ, ಒಮ್ಮೆ ಗುಡ್ಡಕ್ಕೆ ತಿರುಗುತ್ತಿತ್ತು. ಕಾಲಿಗೆ ಜಿಗಣೆ ಬೇರೆ. ಅಷ್ಟರಲ್ಲಿ ಕೊಡೆ ಹಿಡಿದು ತೋಟದ ರೈಟರ್, ಅಂದರೆ ಲೆಕ್ಕಪತ್ರ ನೋಡಿಕೊಳ್ಳುವವರು, ಬಂದರು.

"ಡಬ್ಬಿಗಾ ಸಾರ್? ಹಲಸಿನ ಮರದ ಪೊಟರೆ ನೋಡಿ."

ಹಳೇ ಸ್ಟೀಲ್ ಟಿಫನ್ ಡಬ್ಬಿ, ಅದರೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ನೋಟ್‌ಬುಕ್. ಬೆಂಗಳೂರು, ಪುಣೆ, ಕೊಚ್ಚಿಯವರ ಸಹಿಗಳ ನಡುವೆ ನೀಲಿ ಬಾಲ್‌ಪೆನ್ನಿನ ಗುಂಡಗಿನ ಅಕ್ಷರ: "2 ಇಂಚು 18 ಸೆಂಟ್. ಆನೆ ಬಂದಿತ್ತು, ಮರಿ ಜೊತೆ." ಕೆಳಗೆ: "ಮಳೆ ಇಲ್ಲ. ಮೋಟಾರ್ ರಿಪೇರಿ."

ಕೊಡಗಿನ ತೋಟಗಳಲ್ಲಿ ಮಳೆ ಅಳೆಯುವುದು ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದಿಂಚು. ದಿನಾ ಬೆಳಿಗ್ಗೆ ಅದು ರೈಟರ್ ಕೆಲಸ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಸರಿಯಾಗಿ ಬೀಳದಿದ್ದರೆ ರೊಬಸ್ಟಾ ಕಾಫಿ ಗಿಡ ಅರಳುವುದಿಲ್ಲ, ಆಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು ಎಂದು ವಿವರಿಸಿದರು.

"ಮಳೆ ಬರೆಯೋಕೆ ಆಫೀಸಲ್ಲಿ ಪುಸ್ತಕ ಇದೆಯಲ್ವಾ?"

"ಅದನ್ನ ಧಣಿ ಒಬ್ಬರೇ ನೋಡೋದು ಸಾರ್. ಇದನ್ನ ಎಲ್ಲೆಲ್ಲಿಂದಲೋ ಬಂದವರು ಓದ್ತಾರೆ. ಆದ್ರೆ ಅವರ ಊರಲ್ಲಿ ಎಷ್ಟು ಮಳೆ ಅಂತ ಒಬ್ಬರೂ ಬರೆದಿಲ್ಲ ನೋಡಿ."

ನಾನು ಹೆಸರು ಬರೆದು ಪಕ್ಕದಲ್ಲಿ ತುಮಕೂರು ಎಂದು ಹಾಕಿದೆ. ಅವರು ಕಾಯುತ್ತಾ ನಿಂತರು. ಅಮ್ಮನಿಗೆ ಫೋನ್ ಮಾಡಿ ಕೇಳೋಣ ಅಂದರೆ ನೆಟ್‌ವರ್ಕ್ ಇಲ್ಲ.

"ಪರವಾಗಿಲ್ಲ, ಜಾಗ ಬಿಟ್ಟಿರಿ. ಧಣಿ ಹತ್ರ ಹೇಳಿ ಕಳಿಸಿ, ನಾನು ತುಂಬಿಸ್ಕೋತೀನಿ" ಎಂದರು. "ಇಂಚಲ್ಲೇ ಹೇಳಿ ಸಾರ್, ಮಿಲಿಮೀಟರ್ ಬೇಡ."