ಒಂದು ಕಿಲೋಬಾಟ್ ನಿಂತಿತು, ಸಾಲೇ ನಿಂತಿತು

ಕಿಲೋಬಾಟ್ ಎಂಬ ಪುಟ್ಟ ರೋಬೋಗಳು ಗುಂಪುಗೂಡಿ ತಾವೇ ಒಂದು ಆಕಾರ ಕಟ್ಟುವ ಡೆಮೊ ಅದು. ಆಕಾರದ ಬುಡ ಚೆನ್ನಾಗಿಯೇ ಕೂಡಿಬಂದಿತ್ತು. ಅಷ್ಟರಲ್ಲಿ ಬಲ ಅಂಚಿನ ಒಂದು ಕಿಲೋಬಾಟ್ ನಿಂತಲ್ಲೇ ಗಿರಗಿರ ಸುತ್ತತೊಡಗಿತು. ಎಡ್ಜ್ ಫಾಲೋ ಮಾಡುತ್ತ, ಅಂದರೆ ಗುಂಪಿನ ಅಂಚು ಹಿಡಿದು ಸಾಗುತ್ತ, ಬರುತ್ತಿದ್ದವೆಲ್ಲ ಅದರ ಹಿಂದೆ ಬಂದು ನಿಂತವು. ಮುಂದಿನದು ಕದಲದೆ ಹಿಂದಿನದು ಕದಲುವಂತಿಲ್ಲ, ನಾವು ಬರೆದ ನಿಯಮವೇ ಹಾಗಿತ್ತು.

ಗ್ರೇಡಿಯೆಂಟ್, ಅಂದರೆ ಮೊದಲೇ ಇಟ್ಟ ಸೀಡ್ ರೋಬೋಗಳಿಂದ ತಾನೆಷ್ಟು ದೂರ ಎಂದು ಪ್ರತಿ ರೋಬೋ ಇಡುವ ಲೆಕ್ಕ, ಕೆಟ್ಟಿದೆ ಎಂದು ನನಗೆ ಖಾತ್ರಿಯಾಯಿತು. ಸೀಡ್‌ಗಳಿಂದ ಹಾಪ್ (ರೋಬೋದಿಂದ ರೋಬೋಗೆ ಒಂದು ಹೆಜ್ಜೆ) ಎಣಿಕೆ ತಪ್ಪಾಗಿ ಹರಡುತ್ತಿದೆಯೆಂದು ಲಾಗ್ ತೆರೆದು ಸಾಲುಸಾಲಾಗಿ ಓದುತ್ತ ಕುಳಿತೆ. ಬಂದ ಅತಿಥಿಗಳು ಮೇಜಿನ ಸುತ್ತ ಸುಮ್ಮನೆ ನಿಂತಿದ್ದರು, ಮ್ಯಾನೇಜರ್ ಗಡಿಯಾರ ನೋಡುತ್ತಿದ್ದರು. ಲಾಗ್‌ನಲ್ಲಿ ಎಲ್ಲವೂ ಸರಿಯಿತ್ತು. ಕೊನೆಗೆ ಸಹೋದ್ಯೋಗಿಯೊಬ್ಬರು ಬಗ್ಗಿ, ಮೇಜಿನ ಮಟ್ಟಕ್ಕೆ ಕಣ್ಣಿಟ್ಟು, “ಇದರ ಒಂದು ಮೋಟರ್ ನಡುಗ್ತಾನೇ ಇಲ್ಲ, ನೋಡಿ” ಅಂದರು.

33 ಮಿ.ಮೀ. ಅಗಲದ ಯಂತ್ರ, ಚಕ್ರವಿಲ್ಲ, ಎರಡು ವೈಬ್ರೇಶನ್ ಮೋಟರಿನ ನಡುಕದಲ್ಲೇ ತೆವಳಬೇಕು. ಒಂದು ಸತ್ತರೆ ಸುತ್ತುವುದೊಂದೇ ಗತಿ.

ಮರುದಿನ ಮೀಟಿಂಗ್‌ನಲ್ಲಿ ಬಂದ ಸಲಹೆ: ಮೇಲೊಂದು ಕ್ಯಾಮೆರಾ ಹಾಕಿ, ಕಂಪ್ಯೂಟರಿನಿಂದ ಪ್ರತಿಯೊಂದಕ್ಕೂ ಆಜ್ಞೆ ಕೊಡಿ. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಮೇಲಿನಿಂದ ಸಂದೇಶ ಕಳಿಸುವ ಓವರ್‌ಹೆಡ್ ಕಂಟ್ರೋಲರ್ ಇರುವುದು ಎಲ್ಲಕ್ಕೂ ಒಟ್ಟಿಗೆ ಪ್ರೋಗ್ರಾಂ ತುಂಬಲು, ಒಂದೊಂದನ್ನೇ ಕೈಹಿಡಿದು ನಡೆಸಲು ಅಲ್ಲ. ಹಾರ್ವರ್ಡ್‌ನಲ್ಲಿ ಮೈಕೆಲ್ ರೂಬೆನ್‌ಸ್ಟೈನ್, ರಾಧಿಕಾ ನಾಗ್‌ಪಾಲ್ ಅವರ ತಂಡ 2014ರಲ್ಲಿ 1,024 ಕಿಲೋಬಾಟ್‌ಗಳಿಂದ ಆಕಾರ ಕಟ್ಟಿಸಿದಾಗ, ಸಾಲು ಸಿಕ್ಕಿಕೊಂಡದ್ದನ್ನೂ ರೋಬೋ ದಾರಿ ತಪ್ಪಿದ್ದನ್ನೂ ಪಕ್ಕದ ರೋಬೋಗಳೇ ಗುರುತಿಸುತ್ತಿದ್ದವು. ಅದಿಲ್ಲದೆ ಅಷ್ಟು ದೊಡ್ಡ ಗುಂಪು ನಡೆಯುವುದೇ ಇಲ್ಲ.

ಇರುವೆಗಳಿಂದ ಕಲಿತೆವು ಎನ್ನುವ ನಾವು ಅರ್ಧವನ್ನಷ್ಟೇ ಕಲಿತಿದ್ದೆವು. ವಾಸನೆಯ ಜಾಡು ಹಿಡಿದು ಇರುವೆಗಳು ಸಾಲುಗಟ್ಟುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಆ ವಾಸನೆ ಆರಿಹೋಗುತ್ತದೆ. ಯಾರೂ ನಡೆಯದ ದಾರಿ ತಾನಾಗಿಯೇ ಅಳಿಯುತ್ತದೆ. ನಮ್ಮ ರೋಬೋಗಳಿಗೆ ಮಾತ್ರ “ಮುಂದಿನದು ಈಗ ಹೊರಡುತ್ತದೆ” ಎಂಬ ನಂಬಿಕೆ ಆರುತ್ತಲೇ ಇರಲಿಲ್ಲ.

ಈಗ ಕಾಯುವುದಕ್ಕೂ ಟೈಮರ್ ಇಟ್ಟಿದ್ದೇವೆ. ಮುಂದಿನ ರೋಬೋ ಆ ಅವಧಿಯಲ್ಲಿ ಸ್ಥಾನ ಬದಲಿಸದಿದ್ದರೆ, ಹಿಂದಿನದು ಅದನ್ನೂ ಅಂಚಿನ ಭಾಗವೆಂದೇ ಎಣಿಸಿ ಬಳಸಿಕೊಂಡು ಹೋಗುತ್ತದೆ. ಆಕಾರದ ಅಂಚು ಅಲ್ಲೊಂದು ಕಡೆ ಉಬ್ಬಿದಂತೆ ಕಾಣುತ್ತದೆ, ನಿಜ. ಸಾಲು ನಿಲ್ಲುವುದಕ್ಕಿಂತ ಅದು ಎಷ್ಟೋ ಮೇಲು. ಡೆಮೊಗೆ ಮುಂಚೆ ಮೋಟರ್ ಕಿತ್ತ ರೋಬೋ ಒಂದನ್ನು ಬೇಕೆಂದೇ ಗುಂಪಿಗೆ ಸೇರಿಸಿ ಓಡಿಸುತ್ತೇವೆ. ಅದನ್ನು ದಾಟದ ಕೋಡ್ ಮೇಜಿಗೆ ಬರುವುದಿಲ್ಲ. ಕ್ಯಾಮೆರಾದ ಪ್ರಸ್ತಾಪ ಇನ್ನೂ ಕೈಬಿಟ್ಟಿಲ್ಲವಂತೆ.