ಹಳೆಯ ಮಾರುತಿ 800ಕ್ಕೆ ಅಂಗಳದಲ್ಲೇ ಬಣ್ಣ

ಕರಾವಳಿಯಲ್ಲಿ ಕಾರು ಇಟ್ಟುಕೊಂಡವರಿಗೆ ಉಪ್ಪುಗಾಳಿಯ ಕಾಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಡುಪಿಯ ನಮ್ಮ ಮನೆಯ ಬಿಳಿ ಮಾರುತಿ 800ರ ಬಾಗಿಲುಗಳ ಕೆಳಅಂಚು ತುಕ್ಕು ಹಿಡಿದು, ಬಣ್ಣ ಹೊಪ್ಪಳೆಯಂತೆ ಎದ್ದಿತ್ತು. 2014ರಲ್ಲಿ ತಯಾರಿಕೆಯೇ ನಿಂತುಹೋದ ಕಾರಿಗೆ ಗ್ಯಾರೇಜಿನಲ್ಲಿ ಪೂರ್ತಿ ಪೇಂಟಿಂಗ್ ಮಾಡಿಸಿದರೆ ಅದನ್ನು ಮಾರಿದಾಗ ಬರುವಷ್ಟೂ ದುಡ್ಡು ಬಣ್ಣಕ್ಕೇ ಹೋದೀತೆಂದು ಲೆಕ್ಕ ಹಾಕಿ, ಸ್ಪ್ರೇ ಕ್ಯಾನ್‌ಗಳನ್ನು ತಂದು ನಾನೇ ಕೆಲಸ ಹಿಡಿದೆ.

ಕ್ಯಾನಿನ ಗುಂಡಿ ಒತ್ತುವುದು ಇದರಲ್ಲಿ ತೀರಾ ಚಿಕ್ಕ ಭಾಗ. ಸಮಯವೆಲ್ಲ ಹೋಗುವುದು ಉಜ್ಜುವುದರಲ್ಲಿ. ಹೊಳೆಯುವ ತಗಡು ಕಾಣುವವರೆಗೆ ತುಕ್ಕನ್ನು ಕೆರೆಯಬೇಕು, ಏಕೆಂದರೆ ಗುಳಿಗಳಲ್ಲಿ ಉಳಿದ ಕಪ್ಪು ಚುಕ್ಕೆಗಳಿಂದಲೇ ಅದು ಮತ್ತೆ ಹಬ್ಬುತ್ತದೆ. ಗುಳಿ ತುಂಬುವ ಪುಟ್ಟಿ ಹಚ್ಚಿ ಉಜ್ಜಿದ ಮೇಲೆ, ಅದು ಹಳೆಯ ಬಣ್ಣವನ್ನು ಸೇರುವ ಜಾಗವನ್ನು ಕಣ್ಣು ಮುಚ್ಚಿ ಅಂಗೈಯಿಂದ ಸವರಿ ನೋಡಬೇಕು. ಕಣ್ಣಿಗೆ ಕಾಣದ ಏಣು ಕೈಗೆ ಸಿಗುತ್ತದೆ, ಹೊಳಪು ಬಂದ ಮೇಲೆ ಅದೇ ಎದ್ದು ಕಾಣುತ್ತದೆ. ಅದರ ಮೇಲೆ, ಬಣ್ಣಕ್ಕೆ ಮೊದಲು ಹೊಡೆಯುವ ಪ್ರೈಮರ್ ಒಣಗಿದ ಬಳಿಕ 600ರ ವಾಟರ್ ಪೇಪರಿನಿಂದ (ನೀರಿನಲ್ಲಿ ಉಜ್ಜುವ ನಯವಾದ ಮರಳುಕಾಗದ) ಸೋಪಿನ ನೀರು ಹಾಕಿ ಮತ್ತೊಮ್ಮೆ ತಿಕ್ಕಬೇಕು.

ಹವೆಯನ್ನಂತೂ ಕಡೆಗಣಿಸುವಂತಿಲ್ಲ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುವುದರಿಂದ, ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಹಸಿ ಬಣ್ಣದ ಮೇಲೆ ಕೂತು ಬಿಳಿ ಮಬ್ಬು ಬರುತ್ತದೆ. ಹಾಗಾಗಿ ಡಿಸೆಂಬರಿನಲ್ಲಿ, ಇಬ್ಬನಿ ಆರಿದ ಮೇಲೆ, ಕಡಲಗಾಳಿ ಜೋರಾಗುವ ಮೊದಲು ಬಣ್ಣ ಹೊಡೆದೆ. ಕ್ಯಾನನ್ನು 20–25 ಸೆಂ.ಮೀ. ದೂರದಲ್ಲಿ ಹಿಡಿದು, ಬಾಗಿಲಿನ ಅಂಚಿಗೆ ಮೊದಲೇ ಒತ್ತಲು ಆರಂಭಿಸಿ, ಇನ್ನೊಂದು ಅಂಚು ದಾಟಿದ ಮೇಲೆಯೇ ಬೆರಳು ತೆಗೆದರೆ ಬಣ್ಣ ಒಂದೆಡೆ ದಪ್ಪವಾಗಿ ಇಳಿಯುವುದಿಲ್ಲ.

ಎಂಜಿನ್ ಕೋಣೆಯ ಫಲಕದಲ್ಲಿರುವ ಬಣ್ಣದ ಕೋಡ್ ನೋಡಿ ತಂದ ಬಿಳಿಯೂ ಬಿಸಿಲಿಗೆ ಹಳದಿಗೆ ತಿರುಗಿದ ಹಳೆಯ ಬಿಳಿಗೆ ಹೊಂದುವುದಿಲ್ಲ. ತುಕ್ಕಿದ್ದಷ್ಟಕ್ಕೇ ತೇಪೆ ಹಾಕದೆ ಇಡೀ ಬಾಗಿಲಿಗೆ ಹೊಡೆಯುವುದೇ ಲೇಸು. ಮೆಟಾಲಿಕ್ ಬಣ್ಣದ ಕಾರಿಗೆ ಇದನ್ನು ನಾನು ಹೇಳಲಾರೆ. ಕೈಯ ವೇಗ ಬದಲಾದರೆ ಅದರ ಲೋಹದ ಕಣಗಳು ಬೇರೆ ಬೇರೆ ರೀತಿ ಕೂತು ಪಟ್ಟೆಗಳಾಗುತ್ತವೆ.

ಕೆಂಪು ಹೊಡೆಯಬಾರದಿತ್ತೇ ಎಂದು ಪಕ್ಕದ ಮನೆಯವರು ಕೇಳಿದರು. ಬಣ್ಣ ಬದಲಾದರೆ ಆರ್‌ಟಿಒದಲ್ಲಿ ತಿಳಿಸಿ ಆರ್‌ಸಿಯಲ್ಲಿ ನಮೂದಿಸಬೇಕು. ಅಷ್ಟೂ ಸಾಲದೆಂಬಂತೆ ಬಾಗಿಲಿನ ಒಳಅಂಚು, ಬಾನೆಟ್‌ನ ಅಡಿಭಾಗ, ಡಿಕ್ಕಿಯ ಒಳಗು ಎಲ್ಲಕ್ಕೂ ಕೆಂಪು ಹೊಡೆಯಬೇಕು. ಅಷ್ಟು ಉಜ್ಜುವ ಉಮೇದು ನನ್ನಲ್ಲಿ ಉಳಿದಿರಲಿಲ್ಲ.