ಹತ್ತು ಸ್ಟೇರ್ ಸೌದೆ

ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ ಎಂದಿದ್ದ ಸೌದೆಯವನು ಬಂದಿದ್ದು ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ. ಚೆಕ್ ಇಸಕೊಂಡು ಜೇಬಿಗಿಟ್ಟ, ಟ್ರ್ಯಾಕ್ಟರ್ ಹತ್ತಿದ, ಹಿಂದಿನ ಟ್ರೈಲರ್ ಎತ್ತಿದ. ಓಕ್ ಮರದ ತುಂಡುಗಳು ಗುಡುಗಿನ ಹಾಗೆ ಸದ್ದು ಮಾಡುತ್ತಾ ಬಿದ್ದವು. ಅರ್ಧ ನಮ್ಮ ಅಂಗಳಕ್ಕೆ, ಇನ್ನರ್ಧ ಊರ ರಸ್ತೆಗೆ. ಸ್ವಲ್ಪ ಒಳಗೆ ಸುರಿಯಬಹುದಿತ್ತಲ್ಲಪ್ಪ ಅನ್ನೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಚರ್ಚಿನ ಗಂಟೆ ಹೊಡೆಯಿತು. ಮುಗಿಯಿತು. ಫ್ರಾನ್ಸ್‌ನ ಹಳ್ಳಿಯಲ್ಲಿ ಹನ್ನೆರಡು ಹೊಡೆದರೆ ಎಲ್ಲರೂ ಊಟಕ್ಕೆ ಹೊರಟರು ಎಂದೇ ಲೆಕ್ಕ. ಇನ್ನು ಎರಡು ಗಂಟೆವರೆಗೆ ಯಾರನ್ನೂ ಏನೂ ಕೇಳುವಂತಿಲ್ಲ. "ಬೋನ್ ಅಪೆತಿ, ಮದಾಮ್" ಎಂದು ಕೈಬೀಸಿ ಹೋಗಿಯೇಬಿಟ್ಟ.

ಸೌದೆ ಗುಡ್ಡದ ಒಂದು ಕಡೆ ನಾನು, ಇನ್ನೊಂದು ಕಡೆ ನಮ್ಮ ಯಜಮಾನರು. ಮೊಬೈಲ್‌ನಲ್ಲಿ ನೋಡಿದರೆ ಮರುದಿನ ಮಳೆ.

ನಾವಿರುವುದು ಲಿಮೂಸಾಂ ಸೀಮೆಯಲ್ಲಿ. ಓತ್-ವಿಯೆನ್ ಜಿಲ್ಲೆಯ ಉತ್ತರದ ಕಡೆ, ಬೆಲ್ಲಾಕ್ ಎಂಬ ಸಣ್ಣ ಪೇಟೆಗೆ ಹತ್ತಿರ. ಪಿಂಗಾಣಿಗೆ ಹೆಸರಾದ ಲಿಮೋಜ್ ನಮ್ಮ ಜಿಲ್ಲಾ ಕೇಂದ್ರ. ಐಫೆಲ್ ಗೋಪುರದ ಗುಂಗಿನಲ್ಲಿ ಬರುವ ನೆಂಟರಿಗೆ ಇಲ್ಲಿ ತೋರಿಸಲು ನನ್ನ ಹತ್ತಿರ ಇರುವುದು ದನಗಳು. ಕೆಂಪು ಮಣ್ಣಿನ ಬಣ್ಣದ ಲಿಮೂಸಾಂ ಹಸುಗಳು. ನಮ್ಮ ಮಲೆನಾಡು ಗಿಡ್ಡ ಅದರ ಪಕ್ಕ ನಿಂತರೆ ಕರು ಅಂದುಕೊಳ್ಳಬೇಕು, ಅಷ್ಟು ದೊಡ್ಡವು. ಜನ ಮಾತ್ರ ಕಡಿಮೆ. ವಯಸ್ಸಿನ ಹುಡುಗರು ಊರು ಬಿಟ್ಟು ಪಟ್ಟಣ ಸೇರಿದ್ದಾರೆ. ಅವರು ಬಿಟ್ಟುಹೋದ ಕಲ್ಲಿನ ಮನೆಗಳನ್ನು ಬ್ರಿಟನ್ನಿನ ನಿವೃತ್ತರು ಕೊಂಡಿದ್ದಾರೆ. ಲಂಡನ್‌ನಲ್ಲಿ ಒಂದು ರೂಮೂ ಸಿಗದ ದುಡ್ಡಿಗೆ ಇಲ್ಲಿ ಮನೆ, ಹಿತ್ತಲು, ಹುಲ್ಲಿನ ಕೊಟ್ಟಿಗೆ ಎಲ್ಲ ಸಿಗುತ್ತದೆ. ಚಾವಣಿ ಸೋರುತ್ತದೆ ಎನ್ನುವುದು ಆಮೇಲೆ ಗೊತ್ತಾಗುತ್ತದೆ, ಆ ಮಾತು ಬೇರೆ. ನಾವು ಬಂದಿದ್ದು 2014ರಲ್ಲಿ.

ನನ್ನ ಊರು ತೀರ್ಥಹಳ್ಳಿ ಹತ್ತಿರ. 1989ರಲ್ಲಿ ಇಂಗ್ಲೆಂಡಿನ ಲೀಡ್ಸ್‌ಗೆ ಹೋದವಳು, ಅಲ್ಲಿಯೇ ಆಸ್ಪತ್ರೆ ಲ್ಯಾಬಿನಲ್ಲಿ ಕೆಲಸ ಮಾಡಿ, ಯಾರ್ಕ್‌ಶೈರ್‌ನವರೊಬ್ಬರನ್ನು ಮದುವೆಯಾದೆ. ಆ ಊರಲ್ಲಿದ್ದ ಇಪ್ಪತ್ತೈದು ವರ್ಷದಲ್ಲಿ ಒಬ್ಬರೂ ನನ್ನನ್ನು ಇಂಗ್ಲಿಷಿನವಳು ಅಂದಿರಲಿಲ್ಲ. ಪಾಸ್‌ಪೋರ್ಟ್ ಇದ್ದರೂ ಅಷ್ಟೇ. "ನೀವು ನಿಜವಾಗಿ ಎಲ್ಲಿಯವರು?" ಎನ್ನುವ ಪ್ರಶ್ನೆ ಬಸ್‌ಸ್ಟಾಪಿನಲ್ಲೂ ಕೇಳುತ್ತಿದ್ದರು. ಇಲ್ಲಿಗೆ ಬಂದ ಮರುದಿನವೇ ನಾನು 'ಲಾಂಗ್ಲೇಸ್' ಆದೆ. ಇಂಗ್ಲಿಷ್ ಹೆಂಗಸು! ಇಲ್ಲಿಯವರಿಗೆ ಸ್ಕಾಟ್‌ಲೆಂಡಿನವರೂ ಇಂಗ್ಲಿಷರೇ, ವೇಲ್ಸ್‌ನವರೂ ಇಂಗ್ಲಿಷರೇ, ಸೀರೆ ಉಟ್ಟು ಹದಿನಾಲ್ಕನೇ ಜುಲೈ ರಾಷ್ಟ್ರೀಯ ಹಬ್ಬದ ಊಟಕ್ಕೆ ಹೋದ ನಾನೂ ಇಂಗ್ಲಿಷಳೇ.

ಆಚೆಮನೆ ಅಜ್ಜನಿಗಂತೂ ಇದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಎಂಬತ್ತು ದಾಟಿದವರು, ಈಗಲೂ ದನ ನೋಡಿಕೊಳ್ಳುತ್ತಾರೆ. ನಾನು ಹುಟ್ಟಿದ್ದು ಇಂಡಿಯಾದಲ್ಲಿ ಎಂದು ಅವರಿಗೆ ಹೇಳಿದ್ದೇನೆ. ಒಬ್ಬರು ಆಸ್ಪತ್ರೆಯಲ್ಲಿ ಹುಟ್ಟಿದೆ ಅಂದಾಗ, ಮತ್ತೊಬ್ಬರು ಮನೆಯಲ್ಲಿ ಹುಟ್ಟಿದೆ ಅಂದಾಗ ನಾವು ಹೂಂ ಅನ್ನುತ್ತೇವಲ್ಲ, ಹಾಗೆ ಹೂಂ ಅಂದರು. ಮಾತು ಶುರು ಮಾಡಿದರೆ 'ಶೇ ವೂ' ಬಂದೇ ಬರುತ್ತದೆ. ನಿಮ್ಮ ಕಡೆ ಅಂತ. ನಿಮ್ಮ ಕಡೆ ಎಡಗಡೆ ಗಾಡಿ ಓಡಿಸುತ್ತಾರೆ. ನಿಮ್ಮ ಕಡೆ ಚಹಾಕ್ಕೆ ಹಾಲು ಹಾಕುತ್ತಾರೆ. (ಇದನ್ನು ನಾನು ಎರಡೂ ಕಡೆಯ ಪರವಾಗಿ ಒಪ್ಪಿಕೊಂಡೆ.) ಒಮ್ಮೆ ಮೀಸೆಯಲ್ಲೇ ನಗುತ್ತಾ, "ನಿಮ್ಮ ರಾಜ ಬಾಣ ತಿಂದಿದ್ದು ನಮ್ಮ ಜಿಲ್ಲೆಯಲ್ಲೇ, ಗೊತ್ತಲ್ಲ?" ಎಂದು ಕೇಳಿದರು. ಸಿಂಹಹೃದಯ ಎಂದು ಕರೆಯುವ ಇಂಗ್ಲೆಂಡಿನ ರಿಚರ್ಡ್ ರಾಜ 1199ರಲ್ಲಿ ಇಲ್ಲಿನ ಶಾಲ್ಯುಸ್ ಕೋಟೆಗೆ ಮುತ್ತಿಗೆ ಹಾಕಿದಾಗ ಬಾಣ ತಗುಲಿ ಸತ್ತ. ನಮ್ಮ ರಾಜ ಅಂದರೆ ಕೆಳದಿಯ ಶಿವಪ್ಪನಾಯಕ ಸ್ವಾಮಿ ಎಂದು ಹೇಳುವಷ್ಟು ಫ್ರೆಂಚ್ ನನಗೆ ಆಗ ಬರುತ್ತಿರಲಿಲ್ಲ. ತಲೆ ತಗ್ಗಿಸಿ ನಮ್ಮ ರಾಜನ ಸೋಲನ್ನು ಒಪ್ಪಿಕೊಂಡೆ.

ಸೌದೆ ಬಿದ್ದ ದಿನವೂ ಅಜ್ಜ ಕೋಲೂರಿಕೊಂಡು ಬಂದು ನಿಂತರು. ರಾಶಿ ನೋಡಿದರು, ನಮ್ಮಿಬ್ಬರನ್ನು ನೋಡಿದರು. "ಇಂಗ್ಲಿಷರು ಒಟ್ಟಿದ ಸೌದೆ ಕ್ರಿಸ್ಮಸ್‌ವರೆಗೆ ನಿಲ್ಲಲ್ಲ" ಅಂದರು. ಬೈಗುಳ ಅಲ್ಲ ಅದು, ಹವಾಮಾನ ವರದಿ ಹೇಳಿದ ಹಾಗಿತ್ತು. ಆಮೇಲೆ ನಮ್ಮ ಕೊಟ್ಟಿಗೆ ಸೂರಿನ ಕೆಳಗೆ ಹಾರಾಡುತ್ತಿದ್ದ ಕಪ್ಪು ಕಣಜ ತೋರಿಸಿ ಹುಷಾರು ಅಂದರು. ಅದು ಚೀನಾದಿಂದ ಸಾಮಾನಿನ ಜೊತೆ ಬಂದ ಜಾತಿ, ಫ್ರಾನ್ಸ್‌ನಲ್ಲಿ ಮೊದಲು ಕಂಡಿದ್ದು 2004ರಲ್ಲಿ, ಜೇನುಹುಳ ಹಿಡಿದು ತಿನ್ನುತ್ತದೆ. "ಏಷ್ಯಾದ್ದು! ಎಲ್ಲಿಂದಲೋ ಬಂದು ಇಲ್ಲಿ ಸೇರಿಕೊಂಡಿದೆ" ಎಂದು ನನ್ನ ಮುಖ ನೋಡಿಯೇ ಬೈದರು. ಕಣ್ಣು ಕೂಡ ಪಿಳುಕಿಸಲಿಲ್ಲ. ನನಗೆ ನಗು ತಡೆಯುವುದೇ ಕಷ್ಟವಾಯಿತು.

ಮೊದಲು ರಸ್ತೆ ಖಾಲಿ ಮಾಡಬೇಕಿತ್ತು. ಎರಡು ಗಂಟೆಗೆ ಪೋಸ್ಟಿನವಳ ಹಳದಿ ವ್ಯಾನ್ ಬಂತು. ರಾಶಿ ದಾಟಲಾಗದೆ ನಿಂತಿತು. ಬೈಯುತ್ತಾಳೆ ಅಂದುಕೊಂಡೆ. ಇಳಿದಳು, "ಬೋಂಜೂರ್" ಅಂದಳು, ವಿದ್ಯುತ್ ಬಿಲ್ಲನ್ನು ರಾಶಿಯ ಮೇಲಿಂದ ಚಾಚಿ ಕೊಟ್ಟಳು, ದಾರಿಗೆ ಅಡ್ಡವಾಗಿದ್ದ ಏಳೆಂಟು ತುಂಡು ಕಾಲಲ್ಲಿ ಒತ್ತಿ ಸರಿಸಿದಳು, ಎಡಗಡೆ ಎರಡು ಚಕ್ರ ಹುಲ್ಲಿಗಿಳಿಸಿ ದಾಟಿಸಿಕೊಂಡು ಹೋದಳು. ಡಿಸೆಂಬರಿನಲ್ಲಿ ಅವಳು ಕ್ಯಾಲೆಂಡರ್ ಮಾರಲು ಬಂದಾಗ ಐದು ಯೂರೋ ಜಾಸ್ತಿ ಕೊಟ್ಟೆ.

ಒಟ್ಟುವ ಕೆಲಸಕ್ಕೆ ಮೂರು ದಿನ ಹಿಡಿಯಿತು. ನಡುವೆ ಒಂದು ದಿನ ಮಳೆ, ಟಾರ್ಪಾಲು ಹೊದೆಸಿ ಕೂತೆವು. ಯಜಮಾನರು ತಳ್ಳುಗಾಡಿಯಲ್ಲಿ ತಂದು ಸುರಿಯುವುದು, ನಾನು ಒಟ್ಟುವುದು. ಮೊದಲ ಅರ್ಧ ಗಂಟೆ ಅವರೂ ಒಟ್ಟಿದರು. ಅವರು ಇಡುವುದು ಪುಸ್ತಕ ಜೋಡಿಸಿದ ಹಾಗೆ, ಎಲ್ಲ ಒಂದೇ ದಿಕ್ಕಿಗೆ. ಎದೆಮಟ್ಟಕ್ಕೆ ಬರುವಷ್ಟರಲ್ಲಿ ತುದಿಯಿಂದ ಜಾರಿ ಗಡಗಡ ಬಿತ್ತು. ಅವರ ಬೂಟು ಸ್ವಲ್ಪದರಲ್ಲಿ ಪಾರಾಯಿತು. "ಸಾಕು" ಅಂದೆ. ಅವರಿಗೆ ಬರುವ ನಾಲ್ಕು ಕನ್ನಡ ಪದಗಳಲ್ಲಿ ಅದೂ ಒಂದು.

ನಮ್ಮ ಮನೆಯಲ್ಲಿ ಮಳೆಗಾಲ ಹಿಡಿಯುವ ಮುಂಚೆ ಸೌದೆ ಕೊಟ್ಟಿಗೆ ತುಂಬಿಸಲೇಬೇಕಿತ್ತು. ಬಚ್ಚಲ ಹಂಡೆಗೆ, ಅಡುಗೆ ಒಲೆಗೆ, ಅಡಿಕೆ ಬೇಯಿಸಲು, ಎಲ್ಲಕ್ಕೂ ಅದೇ. ಅಪ್ಪಯ್ಯ ಒಟ್ಟುವಾಗ ನಾವು ಮಕ್ಕಳು ಕೈಗೆ ಕೊಡುವವರು. ಎರಡು ತುದಿಗೆ ಮೊದಲು ಕಂಬ ಏಳಬೇಕು: ಎರಡು ತುಂಡು ಉದ್ದಕ್ಕೆ, ಅದರ ಮೇಲೆ ಎರಡು ಅಡ್ಡಕ್ಕೆ, ಮತ್ತೆ ಉದ್ದಕ್ಕೆ, ಮತ್ತೆ ಅಡ್ಡಕ್ಕೆ. ಚಪ್ಪಟೆ ತುಂಡುಗಳನ್ನು ಆರಿಸಿ ಅದಕ್ಕೇ ಎತ್ತಿಡಬೇಕು. ಕಂಬ ಅಲ್ಲಾಡಬಾರದು, ಅಲ್ಲಾಡಿದರೆ ಚಕ್ಕೆ ಕೊಟ್ಟು ಬಿಗಿ ಮಾಡಬೇಕು. ಎರಡು ಕಂಬದ ನಡುವೆ ಆಮೇಲೆ ಸೊಟ್ಟದ್ದು, ಗಂಟಿನದ್ದು ಏನಾದರೂ ತುಂಬಬಹುದು. ಸಾಲು ಗೋಡೆ ಕಡೆಗೆ ಕೂದಲೆಳೆಯಷ್ಟು ವಾಲಿರಬೇಕು, ಆದರೆ ಗೋಡೆಗೆ ಅಂಟಬಾರದು, ಗಾಳಿ ಆಡಬೇಕು. ಮೇಲಿನ ಕೊನೇ ಸಾಲು ತೊಗಟೆ ಮೇಲೆ ಬರುವ ಹಾಗೆ. ನಲವತ್ತು ವರ್ಷ ಸೌದೆ ಮುಟ್ಟಿರಲಿಲ್ಲ. ಕೈಗೆ ಮಾತ್ರ ಎಲ್ಲ ನೆನಪಿತ್ತು. ಪ್ರತಿ ತುಂಡು ಎತ್ತುವ ಮೊದಲು ಬೆರಳು ತಾನಾಗಿ ತಡೆದು ಅಡಿ ನೋಡುತ್ತಿತ್ತು, ಚೇಳಿದೆಯಾ ಅಂತ. ಇಲ್ಲಿ ಸಿಕ್ಕಿದ್ದು ಹಲ್ಲಿಮರಿಗಳು ಅಷ್ಟೇ.

ಶನಿವಾರ ಮಧ್ಯಾಹ್ನ ಕೆಲಸ ಮುಗಿಯಿತು. ಯಜಮಾನರು ಅಳತೆ ಟೇಪು ತಂದರು. ಅಲ್ಲಿಂದ ಶುರುವಾಯಿತು ರಾಮಾಯಣ.

ಇಲ್ಲಿ ಸೌದೆ ಅಳೆಯುವುದು ಸ್ಟೇರ್ ಲೆಕ್ಕದಲ್ಲಿ. ಮೀಟರು, ಲೀಟರು, ಗ್ರಾಮುಗಳ ಜೊತೆಗೇ 1795ರಲ್ಲಿ ಫ್ರಾನ್ಸ್ ಕಾನೂನು ಮಾಡಿ ತಂದ ಅಳತೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರ ಒಟ್ಟಿದ ಸೌದೆ ಒಂದು ಸ್ಟೇರ್. ಅದರ ಅಣ್ಣತಮ್ಮಂದಿರು ಜಗತ್ತೆಲ್ಲ ಸುತ್ತಿದರು, ಇದು ಸೌದೆ ಕೊಟ್ಟಿಗೆಯಲ್ಲೇ ಉಳಿಯಿತು. ಕಾಗದದ ಮೇಲೆ ಈಗ ಇದಕ್ಕೆ ಅಧಿಕೃತ ಸ್ಥಾನವಿಲ್ಲ. ಆದರೆ ಸೇರು, ಕೊಳಗ ನಮ್ಮ ಹಳ್ಳಿ ಬಾಯಲ್ಲಿ ಉಳಿದ ಹಾಗೆ ಇಲ್ಲಿ ಸ್ಟೇರ್ ಉಳಿದಿದೆ. ನಾವು ಕೊಂಡಿದ್ದು ಹತ್ತು ಸ್ಟೇರ್, ಒಂದಕ್ಕೆ 70 ಯೂರೋ.

ನಮ್ಮ ಒಟ್ಟಿಲು ಐದು ಮೀಟರ್ ಉದ್ದ, 1.6 ಮೀಟರ್ ಎತ್ತರ, ತುಂಡುಗಳು ಅರ್ಧ ಮೀಟರಿನವು. ಅಂಥ ಎರಡು ಸಾಲು. ಗುಣಿಸಿದರೆ 8 ಘನ ಮೀಟರ್. ಯಜಮಾನರು ಎರಡು ಸಲ ಅಳೆದರು, ಮೂರು ಸಲ ಗುಣಿಸಿದರು. ಎರಡು ಸ್ಟೇರ್ ಕಡಿಮೆ, 140 ಯೂರೋ! ಯಾರ್ಕ್‌ಶೈರ್‌ನವರು ಕೈ ಬಿಗಿ ಎಂದು ಇಂಗ್ಲೆಂಡಿನಲ್ಲೆಲ್ಲ ತಮಾಷೆ ಮಾಡುತ್ತಾರೆ. ನಮ್ಮವರು ಆ ತಮಾಷೆಗೆ ಮೋಸ ಮಾಡಿದವರಲ್ಲ. "ಪರದೇಶಿಗಳು ಅಂತ ಟೋಪಿ ಹಾಕಿದ್ದಾನೆ" ಎಂದರು. ಸತ್ಯ ಹೇಳಬೇಕೆಂದರೆ ನಾನೂ ನಂಬಿದೆ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಸುರಿದು ಓಡಿದ್ದು ಅದಕ್ಕೇ ಅನ್ನಿಸಿತು.

ಮನೆಯಲ್ಲಿ ಕಾಗದಪತ್ರದ ಖಾತೆ ನನ್ನದು. ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟು ಬ್ರೆಕ್ಸಿಟ್ ಆದ ಮೇಲಂತೂ ಪೂರ್ತಿ ನನ್ನದೇ. 2020ರ ಜನವರಿ 31ರವರೆಗೆ ಇಲ್ಲಿನ ಬ್ರಿಟಿಷರು ಯುರೋಪಿನ ಪ್ರಜೆಗಳು, ಹಳ್ಳಿ ಚುನಾವಣೆಗೆ ನಿಲ್ಲಬಹುದಿತ್ತು. ಫ್ರಾನ್ಸ್‌ನಲ್ಲಿ 700ಕ್ಕೂ ಹೆಚ್ಚು ಬ್ರಿಟಿಷರು ಹಾಗೆ ಊರ ಸದಸ್ಯರಾಗಿದ್ದರು. ಆ ಮಾರ್ಚ್ ಚುನಾವಣೆಯಲ್ಲಿ ಅವರಿಗೆ ನಿಲ್ಲುವ ಹಕ್ಕೂ ಇಲ್ಲ, ವೋಟೂ ಇಲ್ಲ. ಎಲ್ಲರೂ ವಾಸದ ಕಾರ್ಡಿಗೆ ಅರ್ಜಿ ಹಾಕಬೇಕಾಯಿತು. 2021ರಲ್ಲಿ ಲಿಮೋಜ್‌ನ ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚು ಕೊಡಲು ಸಾಲು ನಿಂತಾಗ ಯಜಮಾನರ ಮುಖ ನೋಡಬೇಕಿತ್ತು. ಅರವತ್ತೆಂಟನೇ ವಯಸ್ಸಿನಲ್ಲಿ, ಜೀವನದಲ್ಲಿ ಮೊದಲ ಸಲ ವಲಸಿಗ! ಕರೆಂಟ್ ಬಿಲ್ ತಂದಿದ್ದೇನಾ, ಮೂರು ತಿಂಗಳ ಒಳಗಿನದಾ, ಜೆರಾಕ್ಸ್ ಎರಡೋ ಮೂರೋ ಎಂದು ಫೈಲ್ ಬಿಚ್ಚುವುದು, ಮುಚ್ಚುವುದು. ಇಂಗ್ಲೆಂಡಿನ ವಲಸೆ ಕಚೇರಿಯ ಮುಂದೆ ನಾನೂ ಹೀಗೇ ನಿಂತಿದ್ದೆ. ಆಗ ಅವರು ಪಕ್ಕದಲ್ಲಿ ಆರಾಮಾಗಿ ಪೇಪರ್ ಓದುತ್ತಿದ್ದರು. "ಅಭ್ಯಾಸ ಆಗುತ್ತೆ" ಅಂದೆ. ಹತ್ತು ವರ್ಷದ ಕಾರ್ಡು ಬಂತು. ಈಗ ಅವರು ಅದನ್ನು ಸೌದೆ ತರಲು ಹೋಗುವಾಗಲೂ ಜೇಬಿನಲ್ಲಿಟ್ಟುಕೊಳ್ಳುತ್ತಾರೆ.

ಸರಿ, ದೂರಿನ ಪತ್ರ ಬರೆಯಲು ಕೂತೆ. ಫ್ರೆಂಚ್ ಪತ್ರದ ಚಂದ ಅದರ ಕೊನೆಯಲ್ಲಿದೆ. ಎಷ್ಟೇ ಬೈದಿರಿ, ಕೊನೆಗೆ "ಮಹಾಶಯರೇ, ನನ್ನ ವಿಶೇಷ ನಮಸ್ಕಾರಗಳ ಅಭಿವ್ಯಕ್ತಿಯನ್ನು ದಯವಿಟ್ಟು ಸ್ವೀಕರಿಸಬೇಕು" ಎಂದು ಬರೆಯದೆ ಮುಗಿಸುವಂತಿಲ್ಲ. ನನ್ನ ಅಜ್ಜ ಸಾಲದ ನೋಟೀಸಿಗೂ "ಉಭಯ ಕುಶಲೋಪರಿ ಸಾಂಪ್ರತ" ಎಂದು ಶುರು ಮಾಡುತ್ತಿದ್ದರು, ಅದೇ ಗತ್ತು. ನೀನು ಕಳ್ಳ ಎಂಬ ಅರ್ಥದ ನಾಲ್ಕು ಸಾಲು ಬರೆದು, ನಮಸ್ಕಾರ ಹಾಕುವಷ್ಟರಲ್ಲಿ ಆಚೆಮನೆ ಅಜ್ಜ ಬಂದರು.

ಪಾಸ್ಟಿಸ್ ಕೊಟ್ಟೆವು. ಸೋಂಪಿನ ವಾಸನೆಯ ಆ ಮದ್ಯಕ್ಕೆ ನೀರು ಬಿಟ್ಟರೆ ಹಾಲಿನಂತೆ ಬೆಳ್ಳಗಾಗುತ್ತದೆ. ಯಜಮಾನರು ತಮ್ಮ ಲೆಕ್ಕದ ಚೀಟಿ ತೋರಿಸಿದರು. ಅಜ್ಜ ಓದಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು. ಆಮೇಲೆ ಭುಜ ಕುಣಿಸಿ ನಗಲು ಶುರು ಮಾಡಿದರು.

ಸ್ಟೇರ್ ಅಳೆಯುವುದು ಒಂದು ಮೀಟರ್ ಉದ್ದದ ತುಂಡುಗಳನ್ನು ಒಟ್ಟಿ. ಉದ್ದ ತುಂಡು ಸೊಟ್ಟಗಿರುತ್ತದೆ, ನಡುವೆ ಸಂದು ಜಾಸ್ತಿ. ಅದನ್ನೇ ಎರಡು ಮಾಡಿ ಕೊಯ್ದು ಒಟ್ಟಿದರೆ ಸಂದು ಕಮ್ಮಿಯಾಗಿ 0.8 ಘನ ಮೀಟರಿಗೆ ಇಳಿಯುತ್ತದೆ. ಮೂರು ತುಂಡು ಮಾಡಿದರೆ 0.7. ಸೌದೆ ಅಷ್ಟೇ ಇರುತ್ತದೆ, ಕಡಿಮೆಯಾಗುವುದು ಗಾಳಿ. ಹತ್ತು ಸ್ಟೇರ್ ಅರ್ಧ ಮೀಟರಿನ ತುಂಡಾದರೆ ಸರಿಯಾಗಿ 8. ಅವನು ಒಂದು ತುಂಡೂ ಮೋಸ ಮಾಡಿರಲಿಲ್ಲ.

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅಡಿಕೆ ಮನೆಯ ಮಗಳು ನಾನು. ಗೊನೆಗಳಾಗಿ ಬಂದರೆ ಅಂಗಳ ತುಂಬುತ್ತದೆ, ಕಾಯಿ ಬಿಡಿಸಿದರೆ ನಾಲ್ಕು ಬುಟ್ಟಿ ಎನ್ನುವುದು ನನಗೆ ಗೊತ್ತಿರಬೇಕಿತ್ತಲ್ವಾ? ಪತ್ರ ಮೆಲ್ಲಗೆ ಮಡಚಿ ಪ್ಲೇಟಿನ ಕೆಳಗಿಟ್ಟೆ.

ಅಜ್ಜ ಲೋಟ ಹಿಡಿದೇ ಎದ್ದು ಕೊಟ್ಟಿಗೆಗೆ ನಡೆದರು. ನಾವೂ ಹಿಂದೆ ಹೋದೆವು. ತುದಿಯ ಕಂಬದ ಮುಂದೆ ನಿಂತು ಅಡ್ಡ, ಉದ್ದ, ಅಡ್ಡ ಎಂದು ಬೆರಳಲ್ಲಿ ಎಣಿಸಿದರು. ಅಂಗೈಯಿಂದ ಜೋರಾಗಿ ಒಂದು ತಳ್ಳು ಕೊಟ್ಟರು. ಅಲ್ಲಾಡಲಿಲ್ಲ. ಇನ್ನೊಂದು ಕೊಟ್ಟರು.

"ಯಾರು ಒಟ್ಟಿದ್ದು?" ಯಜಮಾನರು ನನ್ನ ಕಡೆ ತೋರಿಸಿದರು.

"ನಿಮ್ಮ ಕಡೆ ಹೀಗೆ ಒಟ್ಟುತ್ತಾರಾ, ಮದಾಮ್?"

"ಹೌದು, ನಮ್ಮ ಕಡೆ ಹೀಗೇ. ನನ್ನ ಅಪ್ಪ ಕಲಿಸಿದ್ದು. ನಮ್ಮಲ್ಲಿ ತಿಂಗಳುಗಟ್ಟಲೆ ಮಳೆ, ಸೌದೆ ಒದ್ದೆಯಾದರೆ ಕಷ್ಟ."

ಅಜ್ಜ ಎಲ್ಲ ತಿಳಿಯಿತು ಎನ್ನುವ ಹಾಗೆ ತಲೆಯಾಡಿಸಿದರು. "ಗೊತ್ತು, ಗೊತ್ತು. ಇಂಗ್ಲೆಂಡಿನಲ್ಲಿ ಮಳೆ ನಿಲ್ಲೋದೇ ಇಲ್ವಂತೆ."

"ನಿಲ್ಲೋದೇ ಇಲ್ಲ" ಎಂದು ನಮ್ಮವರು ಎದೆಯುಬ್ಬಿಸಿ ಒಪ್ಪಿದರು, ಆ ಒಟ್ಟಿಲು ಯಾರ್ಕ್‌ಶೈರ್‌ನದೇ ಎನ್ನುವ ಹಾಗೆ. ನಾನು ಅಜ್ಜನ ಲೋಟಕ್ಕೆ ಇನ್ನಷ್ಟು ಪಾಸ್ಟಿಸ್ ಬಗ್ಗಿಸಿದೆ.